ಅಣಕು ನ್ಯಾಯಾಲಯ ಸ್ಪರ್ಧೆಗೆ ಬಳ್ಳಾರಿಯಿಂದ ಹೋಗಬೇಕಾ? ಹೋದವರು ಹೇಳಿ

ಎರಡನೇ ವರ್ಷದವಳು, ಬಳ್ಳಾರಿ: ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಕಾನೂನು ಶಾಲೆಯ ಮುಂದಿನ ಕಾರ್ಯಕ್ರಮಗಳ ಪಟ್ಟಿ ನಮ್ಮ ಕಾಲೇಜಿಗೆ ಬಂದಿದೆ. ಅಣಕು ನ್ಯಾಯಾಲಯ ಸ್ಪರ್ಧೆ (ಕಲ್ಪಿತ ಕೇಸಿನಲ್ಲಿ ವಿದ್ಯಾರ್ಥಿಗಳೇ ವಕೀಲರಂತೆ ವಾದಿಸುವುದು), ಎರಡು ದಿನದ ಮಧ್ಯಸ್ಥಿಕೆ ಕಾರ್ಯಾಗಾರ, ನವೆಂಬರ್ 26ಕ್ಕೆ ಸಂವಿಧಾನ ದಿನದ ಉಪನ್ಯಾಸ. ನಾನು ಮೂರು ವರ್ಷದ ಎಲ್‌ಎಲ್‌ಬಿ, ಓದಿದ್ದೆಲ್ಲ ಕನ್ನಡ ಮಾಧ್ಯಮ. ಮನೆಯಲ್ಲಿ ಒಂದಕ್ಕೆ ಮಾತ್ರ ದುಡ್ಡು ಕೊಡುತ್ತಾರೆ. ಯಾವುದಕ್ಕೆ ಹೋಗಲಿ?

ಸಿಂಧನೂರಿನವ: 2019ರಲ್ಲಿ ನಾವು ಮೂವರು ಸ್ಪರ್ಧೆಗೆ ಹೋಗಿದ್ದೆವು. ನಾನು ರಿಸರ್ಚರ್, ಅಂದರೆ ವಾದಿಸುವವರಿಗೆ ಕಾನೂನು ಹುಡುಕಿ ಕೊಡುವವನು. ಲೆಕ್ಕ ಇನ್ನೂ ಡೈರಿಯಲ್ಲಿದೆ. ನೋಂದಣಿ 4,000. ಮೆಮೋರಿಯಲ್, ಅಂದರೆ ಬರೆದು ಕೊಡುವ ವಾದ, ಎರಡೂ ಕಡೆಯದು ತಲಾ 5 ಪ್ರತಿ, ಒಂದೊಂದು 34 ಪುಟ. ಪುಟಕ್ಕೆ 3 ರೂಪಾಯಿಯಂತೆ 1,020. ಹತ್ತು ಸ್ಪೈರಲ್‌ಗೆ 400. ಅರ್ಜಿದಾರರದು ನೀಲಿ ರಟ್ಟು, ಪ್ರತಿವಾದಿಯದು ಕೆಂಪು. ಜೆರಾಕ್ಸ್ ಅಂಗಡಿಯವನು ಕೆಂಪು ಖಾಲಿ ಅಂತ ಗುಲಾಬಿ ಹಾಕಿದ. ರಾತ್ರಿ ಬಸ್ಸಿನ ಹೊತ್ತಾಗಿತ್ತು, ಸುಮ್ನೆ ತಗೊಂಡು ಹೋದೆವು. ಅಲ್ಲಿ ಅಂಕ ಕಡಿದರು, ಮತ್ತೆ ಬೈಂಡ್ ಮಾಡಿಸಿ ಅಂತಲೂ ಅಂದರು. ಅದಕ್ಕೆ 450. ಲಾಡ್ಜು 2,800. ಬಸ್ಸು, ಊಟ ಬಿಟ್ಟು ಒಟ್ಟು 8,670. ಇಷ್ಟೆಲ್ಲ ಆಗಿ ಮೊದಲ ಸುತ್ತಿನಲ್ಲೇ ಔಟ್. ಜಡ್ಜ್ ನಗುತ್ತಾ "ಎಲ್ಲಿಂದ ಬಂದಿದ್ದೀರಿ?" ಅಂದರು, ನಮ್ಮ ಹುಡುಗ ಕಾಲೇಜಿನ ಹೆಸರನ್ನೇ ಹೇಳಿಬಿಟ್ಟ. ಯಾವ ಕಾಲೇಜು ಅಂತ ಜಡ್ಜ್‌ಗೆ ಗೊತ್ತಾಗಬಾರದು, ತಂಡದ ಕೋಡ್ ಬಿಟ್ಟು ಬೇರೇನೂ ಬಾಯಿಂದ ಬರಬಾರದಲ್ಲ. ಮುಗೀತು.

ಕೋಟೆ ಕೆಳಗಿನಕ್ಕ, ಬಳ್ಳಾರಿ: ನಿಮ್ಮ ಹುಡುಗ ಬಾಯಿ ಬಿಟ್ಟದ್ದಕ್ಕೆ ಸ್ಪರ್ಧೆಯನ್ನು ಯಾಕೆ ಬೈಯುತ್ತೀರಿ? ನಾವು ಸೆಮಿಫೈನಲ್‌ವರೆಗೆ ಹೋಗಿದ್ದೆವು. ನಾನೂ ಕನ್ನಡ ಮಾಧ್ಯಮವೇ. ನಮ್ಮಣ್ಣನ ಕೋಟು ಹಾಕಿಕೊಂಡು, ತೋಳು ಒಳಗೆ ಮಡಚಿ ಪಿನ್ ಹಾಕಿ, ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆ ಮೇಲೆ ಇಂಗ್ಲಿಷ್‌ನಲ್ಲಿ ಒಬ್ಬಳೇ ವಾದಿಸಿದ್ದೇನೆ. ಪಕ್ಕದ ಮನೆಯವರು ಅಮ್ಮನ ಹತ್ತಿರ ಬಂದು "ಮಗಳಿಗೆ ಹುಷಾರಿಲ್ಲವಾ?" ಅಂತ ಕೇಳಿದ್ದರು. ಒಂದು ಪೆಟ್ಟು ತಿಂದದ್ದು "ಮೈ ಲಾರ್ಡ್" ಅಂದದ್ದಕ್ಕೆ. ವಕೀಲರ ಮಂಡಳಿಯಾದ ಬಾರ್ ಕೌನ್ಸಿಲ್ 2006ರಲ್ಲೇ ಅದನ್ನು ಬಿಡಿ ಅಂದಿದೆ ಎಂದು ಜಡ್ಜ್ ಎಲ್ಲರ ಮುಂದೆ ಚುಚ್ಚಿದರು. ನಮ್ಮ ಸೀನಿಯರ್ ಇವತ್ತಿಗೂ ಹೈಕೋರ್ಟಿನಲ್ಲಿ "ಮೈ ಲಾರ್ಡ್" ಅಂತಲೇ ಅನ್ನುತ್ತಾರೆ, ಅವರನ್ನು ಯಾರೂ ಕೇಳುವುದಿಲ್ಲ!

ಗಂಗಾವತಿ ಹುಡುಗ: ನಾನು ಕಾರ್ಯಾಗಾರಕ್ಕೆ ಹೋದೆ, ಬೇರೆ ಕಡೆ. 1,500 ಕೊಟ್ಟೆ. ಮಧ್ಯಸ್ಥಿಕೆ ಕಾಯ್ದೆ 2023 ಅಂತ ಮೊದಲ ದಿನವೆಲ್ಲ ಸ್ಲೈಡ್ ಓದಿದರು. ಸರ್ಟಿಫಿಕೇಟ್‌ನಲ್ಲಿ ನನ್ನ ಹೆಸರು ತಪ್ಪು. ತಿದ್ದಿಸಿಕೊಳ್ಳಲು ನಾಲ್ಕು ಸಲ ಫೋನ್ ಮಾಡಿದೆ, ಕೊನೆಗೆ ಕೊರಿಯರ್ ಖರ್ಚೂ ನನ್ನದೇ, 120. ನಮ್ಮ ತಾಲ್ಲೂಕು ಕೋರ್ಟಿನ ಲೋಕ ಅದಾಲತ್‌ನಲ್ಲಿ ಒಂದು ದಿನ ಕೂತದ್ದಕ್ಕೆ ಒಂದು ಪೈಸೆ ಖರ್ಚಿಲ್ಲ. ಹೊಲದ ದಾರಿ ಜಗಳ, ಚೆಕ್ ಬೌನ್ಸ್, ಎಲ್ಲ ಕಣ್ಣ ಮುಂದೆಯೇ ರಾಜಿ ಆದವು. ಅಣಕು ವಾದ ಬೇಕಾದರೆ ನಮ್ಮ ಎಲ್‌ಎಲ್‌ಬಿಯ ಕ್ಲಿನಿಕಲ್ (ಪ್ರಾಯೋಗಿಕ) ಪೇಪರ್‌ನಲ್ಲಿ ಮೂರು ಇವೆ, ತಲಾ 10 ಅಂಕ. ಬೆಂಗಳೂರು ಯಾಕೆ?

ಕೋಟೆ ಕೆಳಗಿನಕ್ಕ, ಬಳ್ಳಾರಿ: ತಮ್ಮಾ, ಆ ಮೂರು ಹೇಗೆ ನಡೆಯುತ್ತವೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ರೆಕಾರ್ಡ್ ಬುಕ್ ಕಾಪಿ ಮಾಡಿ, ಐದು ನಿಮಿಷ ನಿಂತು ಓದಿ ಬರುವುದು.

ಸಿಂಧನೂರಿನವ: ಇಂಗ್ಲಿಷ್ ಬಾರದವರು ಅಲ್ಲಿ ಹೋಗಿ ಅವಮಾನ ಮಾಡಿಕೊಳ್ಳುವುದು ಯಾಕೆ ಅಂತ ನನ್ನ ಮಾತು.

ಕೋಟೆ ಕೆಳಗಿನಕ್ಕ, ಬಳ್ಳಾರಿ: ಬಾರದಿದ್ದರೆ ಕಲಿಯಬೇಕು ಸರ್. ಜಿಲ್ಲಾ ಕೋರ್ಟಿನಲ್ಲಿ ಕನ್ನಡ ನಡೆಯುತ್ತೆ, ಸರಿ. ಹೈಕೋರ್ಟಿನ ಭಾಷೆ ಇಂಗ್ಲಿಷ್, ಸಂವಿಧಾನದ 348ನೇ ವಿಧಿ. ನಿಮ್ಮ ಕಕ್ಷಿದಾರನ ಅಪೀಲು ಯಾರಿಗೆ ಕೊಡುತ್ತೀರಿ, ಬೆಂಗಳೂರಿನವರಿಗಾ?

ಸಿಂಧನೂರಿನವ: ನಿಮಗೇನು, ಹೈಕೋರ್ಟಿನ ಧಾರವಾಡ ಪೀಠ. ರೈಲು ಹತ್ತಿ ಮಲಗಿದರೆ ಆಯ್ತು. ನಮ್ಮ ಜಿಲ್ಲೆಗೆ ಕಲಬುರಗಿ. ಸಿಂಧನೂರಿನಿಂದ ರಾಯಚೂರು ಮುಟ್ಟುವುದರೊಳಗೇ ಅರ್ಧ ಜೀವ ಹೋಗಿರುತ್ತೆ.

ಗಂಗಾವತಿ ಹುಡುಗ: ಎರಡೂ ಪೀಠ 2008ರಲ್ಲೇ ಶುರುವಾಗಿದ್ದು ಅಲ್ವಾ? ಅದಕ್ಕೆ ಮೊದಲು ಎಲ್ಲರೂ ಬೆಂಗಳೂರಿಗೇ ಹೋಗುತ್ತಿದ್ದರಲ್ಲ. ನಮ್ಮಪ್ಪನ ಜಮೀನಿನ ಕೇಸಿಗೆ ಹೋಗಿ ಬಂದದ್ದರಲ್ಲಿ ಎರಡು ಎಕರೆ ಕರಗಿತು.

ಸಿಂಧನೂರಿನವ: ಜಮೀನಿನ ಮಾತು ಇಲ್ಲಿ ಯಾಕೆ ಬಂತು? ಆಕೆ ಕೇಳಿದ್ದೇನು, ನೀನು ಹೇಳುವುದೇನು!

ಗಂಗಾವತಿ ಹುಡುಗ: ಪೀಠದ ಮಾತು ತೆಗೆದವರು ನೀವು.

ಎರಡನೇ ವರ್ಷದವಳು, ಬಳ್ಳಾರಿ: ನನ್ನ ತಂಡಕ್ಕೆ ಇನ್ನೂ ಮೂರನೆಯವರು ಸಿಕ್ಕಿಲ್ಲ. ಕೋಟೂ ಇಲ್ಲ. ಸಂವಿಧಾನ ದಿನದ ಉಪನ್ಯಾಸದ ಬಗ್ಗೆ ಯಾರೂ ಏನೂ ಹೇಳಲಿಲ್ಲವಲ್ಲ?

ಕೋಟೆ ಕೆಳಗಿನಕ್ಕ, ಬಳ್ಳಾರಿ: ಉಪನ್ಯಾಸ ಬಿಡು, ನಮ್ಮ ಕೋರ್ಟಿನಲ್ಲೇ ಪೀಠಿಕೆ ಓದಿಸುತ್ತಾರೆ. ಕೋಟು ನನ್ನ ಹತ್ತಿರ ಇದೆ, ಅಣ್ಣನದಲ್ಲ, ಆಮೇಲೆ ಹೊಲಿಸಿದ್ದು. ಬಲ ತೋಳಿಗೆ ಇಸ್ತ್ರಿ ಸುಟ್ಟ ಕಲೆ ಇದೆ, ಕೈ ಎತ್ತಿದರೆ ಕಾಣುತ್ತೆ. ಕೊರಳಿಗೆ ಕಟ್ಟುವ ಬಿಳಿ ಬ್ಯಾಂಡ್ ಮಾತ್ರ ನೀನೇ ತಗೋ, ಅದು ಕೊಡಲ್ಲ.

ಸಿಂಧನೂರಿನವ: ಕೆಂಪು ರಟ್ಟು ಈಗಲೇ ತಂದಿಟ್ಟುಕೋ ತಂಗಿ. ಐದಲ್ಲ, ಆರು.