ರಿಗ್ ಅಪ್‌ಡೇಟ್ ಆದಮೇಲೆ ಹಳೆಯ ಶಾಟ್‌ಗಳಲ್ಲಿ ಕೈ ಅಲುಗಾಡುತ್ತಿಲ್ಲ, ಜೊತೆಗೆ ಟೆಕ್ಸ್ಚರ್ ಗುಲಾಬಿ (ಬ್ಲೆಂಡರ್, ಐದು ಜನರ ಕಿರುಚಿತ್ರ)

ಕಾಗೆ_ಮತ್ತು_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ವಿದ್ಯಾರ್ಥಿಗಳು ಸೇರಿ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಮೂರು ನಿಮಿಷದ ಅನಿಮೇಷನ್ ಚಿತ್ರ ಮಾಡುತ್ತಿದ್ದೇವೆ. ಒಬ್ಬಳು ಹುಡುಗಿ, ಒಂದು ಕಾಗೆ, ಒಂದು ಮನೆ, ಅಷ್ಟೇ. ಮಾಡೆಲಿಂಗ್ ಮತ್ತು ಟೆಕ್ಸ್ಚರ್ (ಮೇಲ್ಮೈಗೆ ಹಚ್ಚುವ ಚಿತ್ರ) ಒಬ್ಬಳದು, ರಿಗ್ (ಪಾತ್ರವನ್ನು ಅಲುಗಾಡಿಸುವ, ಬೋನ್ ಅನ್ನುವ ಮೂಳೆಗಳ ಚೌಕಟ್ಟು) ಒಬ್ಬನದು, ಅನಿಮೇಷನ್ ನಾನು ಮತ್ತು ಇನ್ನೊಬ್ಬಳು, ಲೈಟಿಂಗ್ ಮತ್ತು ರೆಂಡರ್ ಇನ್ನೊಬ್ಬನದು. ಹುಡುಗಿಯ ಫೈಲ್ ಬೇರೆ ಇದೆ. ಪ್ರತಿ ಶಾಟ್ ಫೈಲಿಗೂ ಅವಳನ್ನು ಲಿಂಕ್ ಮಾಡಿ (ನಕಲು ಮಾಡದೆ ಅವಳ ಫೈಲಿನಿಂದಲೇ ತಂದು), ಲೈಬ್ರರಿ ಓವರ್‌ರೈಡ್ ಮಾಡಿ (ಹಾಗೆ ತಂದವಳನ್ನು ಈ ಶಾಟ್‌ನಲ್ಲಿ ಬದಲಿಸಲು ಬರುವ ಹಾಗೆ), ಆಮೇಲೆ ಕೀ (ಯಾವ ಫ್ರೇಮ್‌ನಲ್ಲಿ ಯಾವ ಭಂಗಿ ಅನ್ನುವ ಗುರುತು) ಹಾಕುತ್ತೇವೆ.

ಈ ವಾರ ರಿಗ್ ಫೈಲ್ ಅಪ್‌ಡೇಟ್ ಆಯಿತು. ಆಮೇಲೆ 7ನೇ ಶಾಟ್ ತೆರೆದರೆ ಹುಡುಗಿ ನಡೆಯುತ್ತಾಳೆ, ಕಾಲು ಸರಿಯಾಗಿದೆ, ತಲೆ ಸರಿಯಾಗಿದೆ, ಆದರೆ ಎರಡೂ ಕೈ ರಿಗ್ ಮಾಡುವಾಗ ಇದ್ದ ಹಾಗೆ ಅಗಲವಾಗಿ ಚಾಚಿಕೊಂಡು ನಿಂತಿವೆ. ಮುಂಚೆ ಮುಗಿಸಿದ್ದ ಶಾಟ್‌ಗಳಲ್ಲೆಲ್ಲಾ ಇದೇ ಕಥೆ. ಕೈಯ ಅನಿಮೇಷನ್ ಪೂರ್ತಿ ಹೋಯಿತಾ? ಮತ್ತೆ ಮೊದಲಿನಿಂದ ಮಾಡಬೇಕಾ?

ಇನ್ನೂ ಎರಡು ವಿಷಯ. ರೆಂಡರ್ ಮಾಡುವವನ ಕಂಪ್ಯೂಟರ್‌ನಲ್ಲಿ ಹುಡುಗಿಯ ಬಟ್ಟೆ, ಮನೆಯ ಗೋಡೆ ಎಲ್ಲಾ ಕಡು ಗುಲಾಬಿ ಬಣ್ಣದಲ್ಲಿ ಕಾಣುತ್ತಿವೆ. ನಮ್ಮಲ್ಲಿ ಸರಿಯಾಗಿದೆ. ಮತ್ತೆ ಅವನು ಕಳಿಸಿದ ಟೆಸ್ಟ್ ಫ್ರೇಮ್‌ನ ಬಣ್ಣಗಳು ನಮ್ಮಲ್ಲಿ ಕಾಣುವುದಕ್ಕಿಂತ ಬೇರೆ ಥರ ಇವೆ. ಗೊತ್ತಿದ್ದವರು ದಯವಿಟ್ಟು ಹೇಳಿ, ಸಲ್ಲಿಸುವ ದಿನ ಹತ್ತಿರ ಬರುತ್ತಿದೆ.

ಮೂಳೆಕೆಲಸ

ಮೊದಲು ಒಂದು ಮಾತು: ಕೈಯ ಕೀಗಳನ್ನು ಯಾರೂ ಈಗಲೇ ಮತ್ತೆ ಹಾಕಲು ಕೂರಬೇಡಿ. ಅನಿಮೇಷನ್ ಹೋಗಿಲ್ಲ ಅಂತ ನನಗೆ ಬಹುತೇಕ ಖಾತ್ರಿ ಇದೆ.

ಮೂರು ವಿಷಯ ಹೇಳಿ. ರಿಗ್ ಮಾಡಿದವರು ಈ ಅಪ್‌ಡೇಟ್‌ನಲ್ಲಿ ಬೋನ್‌ಗಳ ಹೆಸರು ಬದಲಿಸಿದ್ದಾರಾ? 7ನೇ ಶಾಟ್‌ನಲ್ಲಿ ಡೋಪ್ ಶೀಟ್ (ಕೀಗಳ ಪಟ್ಟಿ) ತೆರೆದು, ಫಿಲ್ಟರ್‌ನಲ್ಲಿ ಎರರ್ ಇರುವುದನ್ನು ಮಾತ್ರ ತೋರಿಸು ಅನ್ನುವ ಆಯ್ಕೆ ಒತ್ತಿದರೆ ಏನಾದರೂ ಕಾಣುತ್ತದಾ? ಮತ್ತು ನಿಮ್ಮ ಐದೂ ಜನ ಬಳಸುತ್ತಿರುವ ಬ್ಲೆಂಡರ್ ವರ್ಷನ್ ಯಾವುದು?

ಕಾಗೆ_ಮತ್ತು_ಹುಡುಗಿ

ಹೌದು, ಹೆಸರು ಬದಲಿಸಿದ್ದಾನೆ. ಒಂದು ಬದಿಯ ಪೋಸ್ ಕಾಪಿ ಮಾಡಿ ಇನ್ನೊಂದು ಬದಿಗೆ ತಿರುಗಿಸಿ ಪೇಸ್ಟ್ ಮಾಡಲು ಆಗುತ್ತಿಲ್ಲ ಅಂತ ನಾವೇ ಕೇಳಿದ್ದೆವು, ಅದಕ್ಕೆ ಕೈಯ ಬೋನ್‌ಗಳ ಕೊನೆಗೆ ಡಾಟ್ ಎಲ್, ಡಾಟ್ ಆರ್ ಸೇರಿಸಿದ. ಕಾಲಿನ ಬೋನ್‌ಗಳಿಗೆ ಅದು ಮೊದಲೇ ಇತ್ತು.

ಡೋಪ್ ಶೀಟ್‌ನಲ್ಲಿ ಕೈಯ ಚಾನಲ್‌ಗಳೆಲ್ಲಾ ಇವೆ, ಕೆಳಗೆ ಕೆಂಪು ಗೆರೆ ಇದೆ. ಕೀಗಳೂ ಕಾಣುತ್ತಿವೆ!

ನಾಲ್ಕು ಜನ 4.2. ರೆಂಡರ್ ಮಾಡುವವನು ಲ್ಯಾಬ್ ಕಂಪ್ಯೂಟರ್ ಬಳಸುತ್ತಾನೆ, ಅದರಲ್ಲಿ 3.6 ಇದೆ. ಅಲ್ಲಿ ಹೊಸದನ್ನು ಇನ್‌ಸ್ಟಾಲ್ ಮಾಡಲು ಬಿಡುವುದಿಲ್ಲ.

ಮೂಳೆಕೆಲಸ

ಕೀಗಳು ಕಾಣುತ್ತಿವೆ ಅಂದಮೇಲೆ ನೆಮ್ಮದಿಯಾಗಿರಿ. ಏನಾಗಿದೆ ಅಂತ ಹೇಳುತ್ತೇನೆ, ಇದು ನಿಮ್ಮ ಐದೂ ಜನಕ್ಕೆ ಅರ್ಥವಾಗಬೇಕು.

ಹುಡುಗಿ ಲಿಂಕ್ ಆಗಿ ಬಂದವಳು, ಆದರೆ ನೀವು ಹಾಕಿದ ಕೀಗಳು ಶಾಟ್ ಫೈಲಿನ ಒಳಗೆ, ಆಕ್ಷನ್ ಅನ್ನುವುದರಲ್ಲಿ ಇವೆ. ಆಕ್ಷನ್‌ನ ಪ್ರತಿ ಕರ್ವ್ (ಒಂದು ಚಲನೆಯ ಕೀಗಳ ಸಾಲು) ಮೇಲೂ ಒಂದು ವಿಳಾಸ ಬರೆದಿರುತ್ತದೆ: ಇಂಥ ಹೆಸರಿನ ಬೋನ್, ಅದರ ರೊಟೇಷನ್, ಅಂತ. ಆ ಹೆಸರಿನವರು ಮನೆಯಲ್ಲಿಲ್ಲ ಅಂದರೆ ಪತ್ರ ಹಾಗೇ ಬಿದ್ದಿರುತ್ತದಲ್ಲ, ಇಲ್ಲಿ ಆಗಿರುವುದೂ ಅದೇ. ಕರ್ವ್ ಇದೆ, ತೆಗೆದುಕೊಳ್ಳುವ ಬೋನ್ ಇಲ್ಲ. ರಿಗ್ ಮತ್ತು ಆಕ್ಷನ್ ಒಂದೇ ಫೈಲಿನಲ್ಲಿ ಇದ್ದಿದ್ದರೆ ಹೆಸರು ಬದಲಿಸಿದ ತಕ್ಷಣ ಬ್ಲೆಂಡರ್ ಆ ವಿಳಾಸಗಳನ್ನೂ ತಿದ್ದುತ್ತಿತ್ತು. ನಿಮ್ಮ ಶಾಟ್ ಫೈಲ್‌ಗಳು ಆ ಹೊತ್ತಿಗೆ ತೆರೆದಿರಲಿಲ್ಲ, ಅವುಗಳ ಒಳಗೆ ಹೋಗಿ ತಿದ್ದಲು ಅದಕ್ಕೆ ದಾರಿಯಿಲ್ಲ.

ಕೆಂಪು ಗೆರೆಯ ಚಾನಲ್‌ಗಳನ್ನು ಕಸ ಅಂದುಕೊಂಡು ಯಾರಾದರೂ ಅಳಿಸಿದರೆ ಮಾತ್ರ ಕೆಲಸ ನಿಜವಾಗಿಯೂ ಹೋಗುತ್ತದೆ. ಸರಿಯಾಗುವ ತನಕ ಹಳೆಯ ಶಾಟ್‌ಗಳನ್ನು ಸೇವ್ ಮಾಡಬೇಡಿ. ಕೀ ಹಾಕದೆ ಸುಮ್ನೆ ತಿರುಗಿಸಿಟ್ಟ ಬೋನ್, ಶಾಟ್‌ನಲ್ಲಿ ಸೇರಿಸಿದ ಕನ್‌ಸ್ಟ್ರೇಂಟ್ (ಬೋನ್‌ನ ಚಲನೆಗೆ ಹಾಕುವ ಕಟ್ಟುಪಾಡು) ಇವೆಲ್ಲಾ ಓವರ್‌ರೈಡ್‌ನಲ್ಲಿ ಹೆಸರಿನ ಮೇಲೆಯೇ ನಿಂತಿವೆ. ಹೆಸರು ಸಿಗದ ಸ್ಥಿತಿಯಲ್ಲಿ ಸೇವ್ ಮಾಡಿದರೆ ಅವು ಉಳಿಯದೇ ಹೋಗಬಹುದು. ಈಗಾಗಲೇ ಒಂದು ಸಲ ಸೇವ್ ಆಗಿದ್ದರೆ ಪಕ್ಕದಲ್ಲೇ ಬ್ಲೆಂಡ್1 ಅನ್ನುವ ಬ್ಯಾಕಪ್ ಇರುತ್ತದೆ, ಅದನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಸೆಟ್ಟಿಂಗ್ ಮುಟ್ಟಿಲ್ಲ ಅಂದರೆ ಬ್ಲೆಂಡರ್ ಒಂದೇ ಒಂದು ಹಳೆಯ ಪ್ರತಿ ಇಡುತ್ತದೆ, ಇನ್ನೊಮ್ಮೆ ಸೇವ್ ಮಾಡಿದರೆ ಅದೂ ಬದಲಾಗುತ್ತದೆ.

ಎರಡು ದಾರಿ ಇದೆ. ಸುಲಭದ್ದು, ರಿಗ್ ಫೈಲಿನಲ್ಲಿ ಹಳೆಯ ಹೆಸರುಗಳನ್ನೇ ವಾಪಸ್ ಇಡುವುದು. ಬ್ಲೆಂಡರ್ ಒಳಗೇ ಹೆಸರು ಬದಲಿಸಿದರೆ ವರ್ಟೆಕ್ಸ್ ಗ್ರೂಪ್ (ಯಾವ ಬೋನ್ ಮೈಯ ಯಾವ ಭಾಗವನ್ನು ಎಳೆಯುತ್ತದೆ ಅನ್ನುವುದು), ಕನ್‌ಸ್ಟ್ರೇಂಟ್‌ಗಳು ಜೊತೆಗೇ ಬದಲಾಗುತ್ತವೆ, ಅದಕ್ಕೆ ಹೆದರಬೇಡಿ. ಆದರೆ ತಿರುಗಿಸಿ ಪೇಸ್ಟ್ ಮಾಡುವ ಅನುಕೂಲ ಮತ್ತೆ ಹೋಗುತ್ತದೆ, ಇಬ್ಬರು ಅನಿಮೇಟರ್‌ಗಳಿಗೆ ಅದು ನಿಜವಾಗಿಯೂ ಬೇಕು ಅಲ್ವಾ. ನಾನಾಗಿದ್ದರೆ ಎರಡನೆಯದನ್ನೇ ಹಿಡಿಯುತ್ತಿದ್ದೆ: ಹೊಸ ಹೆಸರು ಇರಲಿ, ಪ್ರತಿ ಹಳೆಯ ಶಾಟ್‌ನಲ್ಲಿ ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಓಡಿಸಿ. ಹತ್ತು ಸಾಲು ಸಾಕು. ಆಕ್ಷನ್‌ನ ಪ್ರತಿ ಎಫ್‌ಕರ್ವ್ (ಮೇಲೆ ಹೇಳಿದ ಕರ್ವ್) ತೆಗೆದುಕೊಂಡು, ಅದರ ಡೇಟಾ ಪಾತ್‌ನಲ್ಲಿ (ಆ ವಿಳಾಸದಲ್ಲಿ) ಹಳೆಯ ಹೆಸರಿನ ಜಾಗಕ್ಕೆ ಹೊಸದನ್ನು ಹಾಕುವುದು, ಅಷ್ಟೇ. ಹೆಸರು ಹುಡುಕುವಾಗ ಅದರ ಎರಡೂ ಕಡೆ ಇರುವ ಕೊಟೇಶನ್ ಗುರುತನ್ನೂ ಸೇರಿಸಿಯೇ ಹುಡುಕಿ. ಇಲ್ಲದಿದ್ದರೆ ‘ಹ್ಯಾಂಡ್’ ಅಂತ ಹುಡುಕಿದಾಗ ‘ಹ್ಯಾಂಡ್ ಐಕೆ’ ಒಳಗಿನ ಹ್ಯಾಂಡ್ ಕೂಡ ಬದಲಾಗಿ ಇನ್ನೊಂದು ಹೊಸ ತಲೆನೋವು ಶುರುವಾಗುತ್ತದೆ. ಮೊದಲು ಒಂದು ಶಾಟ್‌ನ ಕಾಪಿಯ ಮೇಲೆ ಓಡಿಸಿ ನೋಡಿ.

ಕೀಫ್ರೇಮ್‌ಪ್ರಿಯ

ಈ ರಗಳೆಯೇ ಬೇಡ ಅಂದರೆ ಲಿಂಕ್ ಬಿಟ್ಟು ಎಲ್ಲಾ ಶಾಟ್‌ಗೂ ಅಪೆಂಡ್ ಮಾಡಿಬಿಡಿ. ಆಗ ರಿಗ್‌ನವರು ಏನು ಬದಲಿಸಿದರೂ ನಿಮ್ಮ ಶಾಟ್ ಅಲ್ಲಾಡುವುದಿಲ್ಲ.

ಮೂಳೆಕೆಲಸ

ಒಬ್ಬರೇ ಮಾಡುವ ಚಿತ್ರಕ್ಕೆ ಸರಿ. ಐದು ಜನಕ್ಕೆ ನಾನು ಒಪ್ಪುವುದಿಲ್ಲ. ಹುಡುಗಿಯ ಮೊಣಕೈ ಮಡಚಿದಾಗ ಹಿಂಡಿದ ಹಾಗೆ ಕಾಣುತ್ತಿದೆ ಅಂತ ಇಟ್ಟುಕೊಳ್ಳಿ. ಲಿಂಕ್ ಇದ್ದರೆ ಒಂದು ಫೈಲ್ ಸರಿಮಾಡಿದರೆ ಎಲ್ಲಾ ಶಾಟ್ ಸರಿಹೋಯಿತು. ಅಪೆಂಡ್ ಮಾಡಿದ್ದರೆ ಪ್ರತಿ ಶಾಟ್ ಒಳಗೂ ಅವಳದ್ದೇ ಒಂದೊಂದು ನಕಲು ಇರುತ್ತದೆ, ಪ್ರತಿಯೊಂದರ ಮೊಣಕೈಯನ್ನೂ ಬೇರೆ ಬೇರೆ ತಿದ್ದಬೇಕು. ಲಿಂಕ್ ಇಟ್ಟುಕೊಳ್ಳಿ, ಅನಿಮೇಷನ್ ಶುರುವಾದ ದಿನದಿಂದ ಹೆಸರುಗಳನ್ನು ಮುಟ್ಟಬೇಡಿ. ವೇಯ್ಟ್ ಬದಲಿಸಿ, ಮೆಶ್ ಬದಲಿಸಿ, ಹೊಸ ಬೋನ್ ಸೇರಿಸಿ, ತೊಂದರೆ ಇಲ್ಲ. ಬೋನ್, ಆಬ್ಜೆಕ್ಟ್, ಕಲೆಕ್ಷನ್ ಹೆಸರು ಮಾತ್ರ ಬೇಡ. ಲಿಂಕ್ ಕೂಡ ಹೆಸರಿನ ಮೇಲೆಯೇ ನಿಲ್ಲುವುದು, ಹುಡುಗಿಯ ಕಲೆಕ್ಷನ್ ಹೆಸರು ಬದಲಾದರೆ ಕೈ ಅಲ್ಲ, ಇಡೀ ಹುಡುಗಿಯೇ ಶಾಟ್‌ನಿಂದ ಕಾಣೆಯಾಗುತ್ತಾಳೆ.

ಬೆಳಕುನೆರಳು

ಗುಲಾಬಿ ಮತ್ತು ಬಣ್ಣದ ವಿಷಯ ನಾನು ಹೇಳುತ್ತೇನೆ.

ಗುಲಾಬಿ ಅಂದರೆ ಟೆಕ್ಸ್ಚರ್‌ನ ಚಿತ್ರ ಸಿಗುತ್ತಿಲ್ಲ ಅಂತ ಅರ್ಥ. ಟೆಕ್ಸ್ಚರ್ ಮಾಡಿದವರ ಕಂಪ್ಯೂಟರ್‌ನ ಡಿ ಡ್ರೈವ್‌ನಿಂದ ಶುರುವಾಗುವ ಪೂರ್ತಿ ಪಾತ್ ಫೈಲಿನಲ್ಲಿ ಕೂತಿರುತ್ತದೆ, ಲ್ಯಾಬ್‌ನಲ್ಲಿ ಆ ಜಾಗವೇ ಇಲ್ಲ. ಫೈಲ್ ಮೆನುವಿನ ಎಕ್ಸ್‌ಟರ್ನಲ್ ಡೇಟಾದಲ್ಲಿ ಎಲ್ಲಾ ಪಾತ್‌ಗಳನ್ನೂ ರಿಲೇಟಿವ್ ಮಾಡುವ ಆಯ್ಕೆ ಇದೆ. ಮಾಡಿದಮೇಲೆ ಪಾತ್ ಎರಡು ಓರೆಗೆರೆಯಿಂದ ಶುರುವಾಗುತ್ತದೆ, ಅಂದರೆ ಈ ಬ್ಲೆಂಡ್ ಫೈಲ್ ಇರುವ ಫೋಲ್ಡರ್‌ನಿಂದ ಹುಡುಕು ಅಂತ. ಇದನ್ನು ಶಾಟ್ ಫೈಲಿನಲ್ಲಿ ಮಾಡಿ ಯಾಕೆ ಸರಿಹೋಗಲಿಲ್ಲ ಅಂತ ಕೇಳುವವರು ತುಂಬಾ ಜನ. ಬಟ್ಟೆಯ ಟೆಕ್ಸ್ಚರ್ ಹುಡುಗಿಯ ಫೈಲಿಗೆ ಸೇರಿದ್ದು. ಅದನ್ನು ಹುಡುಗಿಯ ಫೈಲ್ ತೆರೆದೇ ಸರಿಮಾಡಬೇಕು, ಗೋಡೆಯದ್ದನ್ನು ಮನೆಯ ಫೈಲಿನಲ್ಲಿ. ಶಾಟ್‌ನಲ್ಲಿ ಮಾಡುವುದು ಶಾಟ್‌ನ ಲಿಂಕ್‌ಗಳಿಗೆ ಮಾತ್ರ.

ಚಿತ್ರಗಳು ಬೇರೆ ಡ್ರೈವ್‌ನಲ್ಲಿದ್ದರೆ ವಿಂಡೋಸ್‌ನಲ್ಲಿ ರಿಲೇಟಿವ್ ಪಾತ್ ಆಗುವುದಿಲ್ಲ, ಎಲ್ಲವನ್ನೂ ಮೊದಲು ಒಂದೇ ಪ್ರಾಜೆಕ್ಟ್ ಫೋಲ್ಡರ್ ಒಳಗೆ ತನ್ನಿ. ಲ್ಯಾಬ್‌ನಲ್ಲಿ ಲಿನಕ್ಸ್ ಇದ್ದರೆ ಫೈಲ್ ಹೆಸರಿನ ದೊಡ್ಡಕ್ಷರ ಚಿಕ್ಕಕ್ಷರವನ್ನೂ ನೋಡಿ, ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ.

ಬಣ್ಣಕ್ಕೆ ಕಾರಣ ವರ್ಷನ್. 4.0ರಿಂದ ಬ್ಲೆಂಡರ್ ಹೊಸ ಫೈಲ್‌ಗಳಿಗೆ ಫಿಲ್ಮಿಕ್ ಬಿಟ್ಟು ಏಜಿಎಕ್ಸ್ ಅನ್ನುವ ವ್ಯೂ ಟ್ರಾನ್ಸ್‌ಫಾರ್ಮ್ (ಬಣ್ಣಗಳನ್ನು ಪರದೆಗೆ ಹೊಂದಿಸುವ ವಿಧಾನ) ಹಾಕುತ್ತದೆ. 3.6ರಲ್ಲಿ ಏಜಿಎಕ್ಸ್ ಇಲ್ಲವೇ ಇಲ್ಲ, ಹಾಗಾಗಿ ತನ್ನಲ್ಲಿರುವ ಬೇರೆಯದನ್ನು ಹಿಡಿಯುತ್ತದೆ. ಬಣ್ಣವಷ್ಟೇ ಆಗಿದ್ದರೆ ಪರವಾಗಿಲ್ಲ ಅನ್ನಬಹುದಿತ್ತು. 4.0ರಲ್ಲಿ ಪ್ರಿನ್ಸಿಪಲ್ಡ್ ಶೇಡರ್ (ಮೇಲ್ಮೈ ಹೇಗೆ ಕಾಣಬೇಕು ಅಂತ ಹೇಳುವುದು) ಬದಲಾಗಿದೆ, ಬೋನ್ ಲೇಯರ್‌ಗಳ ಬದಲು ಬೋನ್ ಕಲೆಕ್ಷನ್ ಬಂದಿದೆ, 4.2ರಲ್ಲಿ ಈವೀ ಅನ್ನುವ ರೆಂಡರ್ ಎಂಜಿನ್ನೇ ಹೊಸದು. 3.6ರಲ್ಲಿ ತೆರೆದು ಸೇವ್ ಮಾಡಿದರೆ ಹೊಸದರಲ್ಲಿದ್ದದ್ದು ಕಳೆದುಹೋಗುತ್ತದೆ. ನಿಮ್ಮ ಗೆಳೆಯನಿಗೆ ಇವತ್ತೇ ಹೇಳಿ, ಹುಡುಗಿಯ ಫೈಲನ್ನು ಅಲ್ಲಿ ಸೇವ್ ಮಾಡಲೇಬಾರದು.

ಇನ್‌ಸ್ಟಾಲ್ ಮಾಡಲು ಬಿಡದಿದ್ದರೆ ಬ್ಲೆಂಡರ್‌ನ ಜಿಪ್ ಡೌನ್‌ಲೋಡ್ ಸಿಗುತ್ತದೆ, ಪೆನ್‌ಡ್ರೈವ್‌ನಲ್ಲೇ ಬಿಚ್ಚಿ ಓಡಿಸಬಹುದು. ಗ್ರಾಫಿಕ್ಸ್ ಕಾರ್ಡ್‌ಗೆ ಓಪನ್‌ಜಿಎಲ್ 4.3 ಬರಬೇಕು, ಅದೊಂದು ನೋಡಿಕೊಳ್ಳಿ. ಲ್ಯಾಬ್‌ನವರ ನಿಯಮ ಅದಕ್ಕೂ ಬೇಡ ಅಂದರೆ ಕೇಳಿ ಅನುಮತಿ ತೆಗೆದುಕೊಳ್ಳಿ.

ಫೈಲ್‌ಜೋಪಾನ

ಫೈಲ್‌ಗಳನ್ನು ಹೇಗೆ ಹಂಚಿಕೊಳ್ಳುತ್ತಿದ್ದೀರಿ ಅಂತ ಯಾರೂ ಕೇಳಲಿಲ್ಲ. ಸಿಂಕ್ ಆಗುವ ಕ್ಲೌಡ್ ಫೋಲ್ಡರ್ ಆದರೆ, ಇಬ್ಬರು ಒಂದೇ ಶಾಟ್ ತೆರೆದು ಸೇವ್ ಮಾಡಿದ ದಿನ ಎರಡು ಕಾಪಿ ಹುಟ್ಟುತ್ತದೆ. ಬ್ಲೆಂಡ್ ಫೈಲ್ ಬೈನರಿ, ಎರಡನ್ನು ಬೆರೆಸಿ ಒಂದು ಮಾಡಲು ಆಗುವುದಿಲ್ಲ, ಒಬ್ಬರ ಕೆಲಸ ಬಿಡಲೇಬೇಕು. ಗಿಟ್ (ಫೈಲ್‌ಗಳ ಹಳೆಯ ವರ್ಷನ್‌ಗಳನ್ನು ಕಾಪಾಡುವ ಸಾಧನ) ಹಾಕಿದರೂ ಇದೇ ತೊಂದರೆ, ಮೇಲಾಗಿ ಗಿಟ್‌ಹಬ್ 100 ಎಂಬಿ ದಾಟಿದ ಫೈಲನ್ನು ಎಲ್‌ಎಫ್‌ಎಸ್ (ದೊಡ್ಡ ಫೈಲ್‌ಗಳಿಗಿರುವ ಸೌಲಭ್ಯ) ಇಲ್ಲದೆ ತೆಗೆದುಕೊಳ್ಳುವುದಿಲ್ಲ. ಅದೇ ಥರದ ಇನ್ನೊಂದು ಸಾಧನ ಎಸ್‌ವಿಎನ್ ಹಾಕಿ. ಒಬ್ಬರು ಫೈಲ್ ಲಾಕ್ ಮಾಡಿದರೆ ಇನ್ನೊಬ್ಬರು ಕಳಿಸಲು ಆಗುವುದಿಲ್ಲ, ಹಳೆಯ ವರ್ಷನ್ ಯಾವಾಗ ಬೇಕಾದರೂ ಸಿಗುತ್ತದೆ. ಬ್ಲೆಂಡರ್‌ನವರದ್ದೇ ಸ್ಟುಡಿಯೋ ತನ್ನ ಚಿತ್ರಗಳಿಗೆ ಬಳಸಿದ್ದು ಅದನ್ನೇ.

ಬೆಳಕುನೆರಳು

ಎಸ್‌ವಿಎನ್ ಒಳ್ಳೆಯದು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಧ ಚಿತ್ರ ಮುಗಿದು, ಗಡುವು ತಲೆಯ ಮೇಲಿರುವಾಗ ಐದು ಜನ ಹೊಸ ಸಾಧನ ಕಲಿಯಲು ಕೂರುವುದು ಬೇಡ ಅಂತ ನನ್ನ ಅಭಿಪ್ರಾಯ. ಒಂದು ಹಂಚಿಕೊಂಡ ಶೀಟ್ ಸಾಕು: ಯಾವ ಫೈಲ್, ಈಗ ಯಾರ ಕೈಯಲ್ಲಿದೆ. ಹೆಸರು ಬರೆಯದೆ ಫೈಲ್ ತೆರೆಯುವ ಹಾಗಿಲ್ಲ. ದಿನದ ಕೊನೆಗೆ ಒಬ್ಬರು ಇಡೀ ಫೋಲ್ಡರನ್ನು ತಾರೀಖು ಹಾಕಿ ಬೇರೆ ಡಿಸ್ಕ್‌ಗೆ ಕಾಪಿ ಮಾಡಲಿ.

ಲೈಟಿಂಗ್ ಬೇರೆ ಫೈಲಿನಲ್ಲಿ ಮಾಡಿ, ಅನಿಮೇಷನ್ ಫೈಲನ್ನು ಅದಕ್ಕೆ ಲಿಂಕ್ ಮಾಡಿಕೊಂಡರೆ ಅನಿಮೇಟರ್ ಮುಗಿಸುವ ತನಕ ಲೈಟಿಂಗ್‌ನವರು ಕಾಯುತ್ತಾ ಕೂರಬೇಕಾಗಿಲ್ಲ.

ಕಾಗೆ_ಮತ್ತು_ಹುಡುಗಿ

ಎಲ್ಲರಿಗೂ ತುಂಬಾ ಧನ್ಯವಾದ. ಸ್ಕ್ರಿಪ್ಟ್ ಓಡಿಸಿದೆವು, 7ನೇ ಶಾಟ್‌ನಲ್ಲಿ ಕೈ ಬೀಸಿಕೊಂಡು ನಡೆಯಲು ಶುರುಮಾಡಿದಾಗ ಎಲ್ಲರೂ ಕೂಗಿಬಿಟ್ಟರು. ಟೆಕ್ಸ್ಚರ್ ಕೂಡ ಸರಿಹೋಯಿತು, ಹುಡುಗಿಯ ಫೈಲ್ ತೆರೆದು ಮಾಡಬೇಕು ಅನ್ನುವುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಲ್ಯಾಬ್‌ನಲ್ಲಿ ಕೇಳಿ 4.2 ಜಿಪ್ ಹಾಕಿಕೊಂಡೆವು, ಬಣ್ಣ ಈಗ ಎಲ್ಲರಲ್ಲೂ ಒಂದೇ. ಶೀಟ್ ಕೂಡ ಮಾಡಿದ್ದೇವೆ, ಎಸ್‌ವಿಎನ್ ಮುಂದಿನ ಚಿತ್ರಕ್ಕೆ.

ಒಂದು ಮಾತ್ರ ಉಳಿದಿದೆ. 11ನೇ ಶಾಟ್‌ನಲ್ಲಿ ಸ್ಕ್ರಿಪ್ಟ್ ಓಡಿಸುವ ಮುಂಚೆ ಕೈ ಸರಿಯಾಗಿತ್ತು, ಓಡಿಸಿದಮೇಲೆ ಕೆಟ್ಟಿತು! ಕಾಪಿ ಇದೆ, ಹಾಗಾಗಿ ಭಯವಿಲ್ಲ, ಆದರೆ ಹೀಗ್ಯಾಕೆ?

ಮೂಳೆಕೆಲಸ

ಔಟ್‌ಲೈನರ್‌ನಲ್ಲಿ (ಫೈಲಿನಲ್ಲಿರುವ ವಸ್ತುಗಳ ಪಟ್ಟಿಯಲ್ಲಿ) ಹುಡುಗಿಯ ಹೆಸರಿನ ಪಕ್ಕ ಲಿಂಕ್ ಅಥವಾ ಓವರ್‌ರೈಡ್ ಗುರುತು ಇದೆಯಾ ನೋಡಿ. ಇಲ್ಲ ಅಂದರೆ ಆ ಶಾಟ್‌ನಲ್ಲಿ ಅವಳು ಅಪೆಂಡ್ ಆಗಿ ಬಂದಿದ್ದಾಳೆ. ಒಳಗಿರುವುದು ಹಳೆಯ ರಿಗ್, ಹಳೆಯ ಹೆಸರು. ಅದಕ್ಕೇ ಮೊದಲು ಸರಿಯಾಗಿತ್ತು.

ಸ್ಕ್ರಿಪ್ಟ್ ಓಡಿಸಿದ ಫೈಲನ್ನೇ ಇಟ್ಟುಕೊಳ್ಳಿ, ಹೊಸ ಹೆಸರು ಅದರಲ್ಲಿ ಬಂದಾಗಿದೆ. ಆಕ್ಷನ್ ಪಕ್ಕದ ಗುರಾಣಿ ಗುರುತು ಒತ್ತಿ, ಬಳಸುವವರಿಲ್ಲ ಅಂತ ಅದು ಅಳಿಸಿಹೋಗಬಾರದು. ಹುಡುಗಿಯನ್ನು ಸರಿಯಾಗಿ ಲಿಂಕ್ ಮಾಡಿ, ಓವರ್‌ರೈಡ್ ಮಾಡಿ, ಹೊಸ ರಿಗ್‌ಗೆ ಆ ಆಕ್ಷನ್ ಕೊಡಿ. ಕೈ ಕಾಲು ಎಲ್ಲಾ ಹೊಂದಿದಮೇಲೆ ಹಳೆಯವಳನ್ನು ಅಳಿಸಿ. ಕಣ್ಣು ಅಥವಾ ಬಾಯಿಯನ್ನು ಶೇಪ್ ಕೀಯಲ್ಲಿ (ಬೋನ್ ಇಲ್ಲದೆ ಆಕಾರವನ್ನೇ ಬದಲಿಸುವ ವಿಧಾನದಲ್ಲಿ) ಅನಿಮೇಟ್ ಮಾಡಿದ್ದರೆ ಅದರ ಆಕ್ಷನ್ ಬೇರೆ ಇರುತ್ತದೆ, ಅದನ್ನೂ ಹೊಸ ಮುಖಕ್ಕೆ ಕೊಡಬೇಕು.

ಕಾಗೆ_ಮತ್ತು_ಹುಡುಗಿ

ನೀವು ಹೇಳಿದ ಹಾಗೇ ಇತ್ತು, ಅಪೆಂಡ್ ಆಗಿತ್ತು. ಬಾಯಿಯ ಆಕ್ಷನ್ ಕೂಡ ಬೇರೆ ಇತ್ತು, ಅದನ್ನೂ ಕೊಟ್ಟೆವು. 11 ಸರಿಹೋಯಿತು. ಈಗ ರೆಂಡರ್. ನೇರವಾಗಿ ವಿಡಿಯೋ ಮಾಡಲಾ?

ಬೆಳಕುನೆರಳು

ಬೇಡ, ಪಿಎನ್‌ಜಿ ಫ್ರೇಮ್‌ಗಳಾಗಿ ತೆಗೆಯಿರಿ. ಸೆಕೆಂಡಿಗೆ 24 ಅಂದರೆ ಮೂರು ನಿಮಿಷಕ್ಕೆ 4320 ಫ್ರೇಮ್. ನಡುವೆ ಕರೆಂಟ್ ಹೋದರೂ ಆದಷ್ಟು ಫ್ರೇಮ್ ಉಳಿದಿರುತ್ತವೆ, ವಿಡಿಯೋ ಆದರೆ ಇಡೀ ಶಾಟ್ ಮತ್ತೆ ಮಾಡಬೇಕಾಗಬಹುದು. ಔಟ್‌ಪುಟ್‌ನಲ್ಲಿ ಓವರ್‌ರೈಟ್ ತೆಗೆದು ಪ್ಲೇಸ್‌ಹೋಲ್ಡರ್ (ಶುರುವಾದ ಫ್ರೇಮ್‌ಗೆ ಖಾಲಿ ಫೈಲ್ ಇಡುವ ಆಯ್ಕೆ) ಹಾಕಿದರೆ, ಹಲವು ಕಂಪ್ಯೂಟರ್‌ಗಳು ಒಂದೇ ಫೋಲ್ಡರ್‌ಗೆ ಒಂದೇ ಶಾಟ್‌ನ ಬೇರೆ ಬೇರೆ ಫ್ರೇಮ್ ಹಂಚಿಕೊಂಡು ಮಾಡುತ್ತವೆ. ಮಧ್ಯದಲ್ಲಿ ನಿಂತರೆ ಶೂನ್ಯ ಗಾತ್ರದ ಫೈಲ್‌ಗಳು ಉಳಿದಿರುತ್ತವೆ, ಮತ್ತೆ ಶುರುಮಾಡುವ ಮುಂಚೆ ಅವನ್ನು ಅಳಿಸಿ, ಇಲ್ಲದಿದ್ದರೆ ಆ ಫ್ರೇಮ್ ಆಗಿದೆ ಅಂದುಕೊಂಡು ಮುಂದೆ ಹೋಗುತ್ತದೆ. ಹುಡುಗಿಯ ಬಟ್ಟೆಗೆ ಕ್ಲಾತ್ ಸಿಮ್ಯುಲೇಷನ್ ಇದ್ದರೆ ಒಂದೇ ಕಂಪ್ಯೂಟರ್‌ನಲ್ಲಿ ಡಿಸ್ಕ್‌ಗೆ ಬೇಕ್ ಮಾಡಿ (ಬಟ್ಟೆಯ ಚಲನೆಯನ್ನು ಮೊದಲೇ ಲೆಕ್ಕಹಾಕಿ ಉಳಿಸಿ), ಆ ಕ್ಯಾಶ್ ಫೋಲ್ಡರನ್ನು ಉಳಿದವಕ್ಕೂ ಕಾಪಿ ಮಾಡಿದಮೇಲೆ ರೆಂಡರ್ ಹಚ್ಚಿ.