ಸ್ಟಬ್ ಕಾಲಂ ಚೆನ್ನಾಗಿ ತಡೆಯಿತು, 1 ಮೀಟರ್ ತುಂಡು ಬೇಗ ಸೋತಿತು: ರ್ಯಾಕ್ ಕಂಬದ ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ: ಪ್ಯಾಲೆಟ್ ರ್ಯಾಕಿನ ಕಂಬ. ವೆಬ್ (ಹಿಂಬದಿಯ ಮುಖ) 100 ಮಿಮೀ, ಫ್ಲ್ಯಾಂಜ್ (ಎರಡು ಪಕ್ಕದ ಮುಖ) 90, ತುದಿಯಲ್ಲಿ ಒಳಮಡಚಿದ ಲಿಪ್, ದಪ್ಪ 1.8. ವೆಬ್‌ನಲ್ಲಿ ಎರಡು ಸಾಲು ರಂಧ್ರ: ಅಗಲ 15, ಎತ್ತರ 20, ಪಿಚ್ (ರಂಧ್ರದಿಂದ ರಂಧ್ರಕ್ಕೆ ದೂರ) 50. ಒಟ್ಟು ಕ್ಷೇತ್ರಫಲ 594 ಚದರ ಮಿಮೀ. ಫ್ಲ್ಯಾಂಜಿನ ಬೋಲ್ಟ್ ರಂಧ್ರವನ್ನೂ ಕಳೆದರೆ 504. 350 ಮಿಮೀ ಸ್ಟಬ್ ಕಾಲಂ (ಪರೀಕ್ಷೆಗೆ ಕತ್ತರಿಸಿದ ಗಿಡ್ಡ ತುಂಡು) 166 ಕಿಲೋನ್ಯೂಟನ್ ತಡೆಯಿತು. ಯೀಲ್ಡ್ (ಉಕ್ಕು ಶಾಶ್ವತವಾಗಿ ರೂಪಗೆಡಲು ಶುರುವಾಗುವ ಒತ್ತಡ) 355 ನ್ಯೂಟನ್/ಚದರ ಮಿಮೀ ಎಂದು ಹಿಡಿದರೆ ಕ್ಯೂ (ತಡೆದ ಭಾರವನ್ನು ಯೀಲ್ಡ್ × ಕ್ಷೇತ್ರಫಲದಿಂದ ಭಾಗಿಸಿದ ಅನುಪಾತ) 0.93. ಆದರೆ 1 ಮೀಟರ್ ತುಂಡು 131ಕ್ಕೇ ಸೋತಿತು. ಕೂಪನ್ ಪರೀಕ್ಷೆಯಲ್ಲಿ (ಅದೇ ಉಕ್ಕಿನ ಸಣ್ಣ ಪಟ್ಟಿ ಎಳೆದು ನೋಡಿದಾಗ) ಯೀಲ್ಡ್ 402 ಬಂದಿದೆ.

ಉತ್ತರ 1: ಮೊದಲು ಕ್ಯೂ ಸರಿಪಡಿಸಿ. ತುಂಡು ಒಡ್ಡಿದ ಪ್ರತಿರೋಧ 402ರ ಉಕ್ಕಿನದು, ನೀವು ಭಾಗಿಸಿದ್ದು 355ರಿಂದ. 1,66,000 ನ್ಯೂಟನ್ ಭಾಗಿಸು (402 × 504) ಅಂದರೆ 0.82. ಉಕ್ಕು ಹೆಸರಿಗಿಂತ ಗಟ್ಟಿಯಾಗಿ ಬಂದ ಬ್ಯಾಚಿನಲ್ಲಿ ಈ ತಪ್ಪು ಸುರಕ್ಷತೆಯನ್ನೇ ತಿನ್ನುತ್ತದೆ. ದಪ್ಪ ಅಳೆಯುವಾಗ ಸತುವಿನ ಲೇಪನ ತೆಗೆದು ಅಳೆಯಿರಿ.

1 ಮೀಟರ್ ತುಂಡು ಸೋತಾಗ ಲಿಪ್‌ಗಳ ನಡುವಿನ ಬಾಯಿ ಅಗಲವಾಯಿತೋ, ಕಿರಿದಾಯಿತೋ?

ಪ್ರಶ್ನೆ ಕೇಳಿದವರು: ಅಗಲವಾಯಿತು. ನಡುಮಧ್ಯದಲ್ಲಿ ಎರಡೂ ಫ್ಲ್ಯಾಂಜ್ ಹೊರಕ್ಕೆ ತಿರುಗಿದವು. ವೆಬ್ ಮೂಲೆಗಳು ಕದಲಲಿಲ್ಲ.

ಉತ್ತರ 1: ಹಾಗಾದರೆ ಅದು ಡಿಸ್ಟಾರ್ಷನಲ್ ಬಕ್ಲಿಂಗ್, ಅಂದರೆ ಫ್ಲ್ಯಾಂಜ್‌ಗಳು ತಿರುಗಿ ಸೆಕ್ಷನ್ನಿನ ಆಕಾರವೇ ಕೆಟ್ಟು ಸೋಲುವುದು. ಸ್ಟಬ್ ಕಾಲಂನಲ್ಲಿ ಇದು ಕಾಣುವುದೇ ಇಲ್ಲ: ಎರಡು ತುದಿಗೂ ಬೆಸೆದ ಪ್ಲೇಟುಗಳು ಫ್ಲ್ಯಾಂಜನ್ನು ಬಿಗಿಹಿಡಿದಿರುತ್ತವೆ, ಫ್ಲ್ಯಾಂಜ್ ಹೀಗೆ ಅಲೆಯಂತೆ ಹೊರತಿರುಗಲು 350 ಮಿಮೀ ಉದ್ದ ಸಾಲದು. ಪ್ಯಾಲೆಟ್ ರ್ಯಾಕ್ ವಿನ್ಯಾಸದ ಯುರೋಪಿಯನ್ ಮಾನದಂಡ ಇಎನ್ 15512 ಸುಮಾರು 1 ಮೀಟರಿನ ಬ್ರೇಸಿಂಗ್ ಪ್ಯಾನೆಲ್ (ಕಂಬವನ್ನು ಹಿಡಿಯುವ ಅಡ್ಡಪಟ್ಟಿಗಳ ನಡುವಿನ ಭಾಗ) ಉದ್ದಕ್ಕೆ ಬೇರೆ ಪರೀಕ್ಷೆ ಕೇಳುವುದು ಇದಕ್ಕೇ. ವಿನ್ಯಾಸಕ್ಕೆ ಎರಡರಲ್ಲಿ ಕಡಿಮೆ ಬಂದದ್ದೇ ಆಧಾರ.

ಫೈನೈಟ್ ಸ್ಟ್ರಿಪ್‌ನಲ್ಲಿ (ಕಂಬವನ್ನು ಉದ್ದುದ್ದ ಪಟ್ಟಿಗಳಾಗಿ ಒಡೆದು ಬಕ್ಲಿಂಗ್ ಲೆಕ್ಕ ಹಾಕುವ ವಿಧಾನ) ರಂಧ್ರ ಬಿಡಿಸಲಾಗದು, ಹಾಗಾಗಿ ವೆಬ್ ದಪ್ಪ ಇಳಿಸಿ ನೋಡಿ. ಫ್ಲ್ಯಾಂಜ್ ತಿರುಗದಂತೆ ತಡೆಯುವುದು ವೆಬ್‌ನ ಅಡ್ಡ ಬಾಗುವಿಕೆಯ ಬಿಗುವು. 50ರಲ್ಲಿ 20 ರಂಧ್ರಕ್ಕೆ ಹೋದರೆ ಉಳಿದದ್ದು 0.6 ಪಾಲು. ಆ ಬಿಗುವು ದಪ್ಪದ ಘನಕ್ಕೆ ಅನುಪಾತದಲ್ಲಿರುವುದರಿಂದ 0.6ರ ಘನಮೂಲ 0.843, ದಪ್ಪ 1.52 ಮಿಮೀ. ಇದನ್ನು ಡಿಸ್ಟಾರ್ಷನಲ್ ಬಕ್ಲಿಂಗ್ ಶುರುವಾಗುವ ಕ್ರಿಟಿಕಲ್ ಒತ್ತಡಕ್ಕಷ್ಟೇ ಬಳಸಿ. ಕ್ಷೇತ್ರಫಲಕ್ಕೂ ಲೋಕಲ್ ಬಕ್ಲಿಂಗಿಗೂ (ಮೂಲೆಗಳು ಕದಲದೆ ಮುಖಗಳಷ್ಟೇ ಉಬ್ಬುವುದು) ಇದೇ ದಪ್ಪ ಹಾಕಿದರೆ ಉತ್ತರಕ್ಕೆ ಅರ್ಥವಿಲ್ಲ.

ಉತ್ತರ 2: ಭಾರ ಎಲ್ಲಿ ಇಟ್ಟಿರಿ? ಪೂರ್ಣ ಸೆಕ್ಷನ್ನಿನ ಗುರುತ್ವಕೇಂದ್ರ ವೆಬ್‌ನಿಂದ 40 ಮಿಮೀ ಇದ್ದರೆ, ವೆಬ್ ರಂಧ್ರಗಳ 54 ಚದರ ಮಿಮೀ ಕಳೆದಾಗ ಅದು 44ಕ್ಕೆ, ಅಂದರೆ ಲಿಪ್ ಕಡೆಗೆ ಸರಿಯುತ್ತದೆ. 4 ಮಿಮೀ ಸಣ್ಣದೆನಿಸಬಹುದು, ಆದರೆ ಭಾರ ಲಿಪ್ ಕಡೆ ವಾಲಿದಷ್ಟೂ ಫ್ಲ್ಯಾಂಜ್ ತುದಿಗೆ ಹೆಚ್ಚು ಒತ್ತಡ, ಬಾಯಿ ಬೇಗ ತೆರೆಯುತ್ತದೆ. ಎಂಡ್ ಪ್ಲೇಟಿನಲ್ಲಿ ಬಾಲ್ ಬೇರಿಂಗ್ ಗುಳಿಯನ್ನು ಇಡೀ ಸರಣಿಗೆ ಒಂದೇ ಅಳತೆಯಲ್ಲಿ ಕೊರೆಯಿರಿ. ತುಂಡುಗಳನ್ನು ಎರಡು ರಂಧ್ರಗಳ ನಡುವೆ ಕತ್ತರಿಸಿ. ರಂಧ್ರದ ಮೇಲೇ ಕತ್ತರಿಸಿದರೆ ತುದಿಯೇ ಜಜ್ಜಿಹೋಗುತ್ತದೆ.

ಪ್ರಶ್ನೆ ಕೇಳಿದವರು: ದಪ್ಪ 2.0ಕ್ಕೆ ಏರಿಸಿದರೆ ಸಾಕೇ?

ಉತ್ತರ 1: ಉಕ್ಕಿಗೆ ತಕ್ಕ ಫಲ ಸಿಗದು. ಲಿಪ್ ಉದ್ದ ಮಾಡಿ, ಅಥವಾ ಪ್ಯಾನೆಲಿನ ನಡುವೆ ಎರಡು ಫ್ಲ್ಯಾಂಜ್ ಹಿಡಿದಿಡುವ ಬೋಲ್ಟ್ ಸ್ಪೇಸರ್ ಹಾಕಿ. ಬಾಯಿ ಅಲ್ಲೇ ತೆರೆಯುವುದರಿಂದ ಅಲ್ಲೇ ಕಟ್ಟಬೇಕು. ಬದಲಾಯಿಸಿದ ಮೇಲೆ 1 ಮೀಟರ್ ಪರೀಕ್ಷೆಯನ್ನೇ ಮತ್ತೆ ಮಾಡಿ, ಸ್ಟಬ್ ಕಾಲಂ ಫಲಿತಾಂಶ ನೋಡಿ ಒಪ್ಪಬೇಡಿ.