ಸಹಾಯ ಬೇಕು: ದೆಹಲಿಗೆ ಕಣ್ಣೂರಿನಿಂದಲೋ, ಬೆಂಗಳೂರಿನಿಂದಲೋ?

ಆತ್ಮೀಯರೇ, ವಿರಾಜಪೇಟೆಯಲ್ಲಿರುವ ನಾವು ಮಂಡಿನೋವಿನಿಂದ ಬಳಲುತ್ತಿರುವ ಅಮ್ಮನನ್ನು ಆಗಸ್ಟ್‌ನಲ್ಲಿ ದೆಹಲಿಗೆ, ಸೇನೆಯಲ್ಲಿರುವ ಅಣ್ಣನ ಮನೆಗೆ ಕರೆದೊಯ್ಯಬೇಕಾಗಿದೆ. ಆಕಾಶಮಾರ್ಗದಲ್ಲಿ ಬೆಂಗಳೂರು–ದೆಹಲಿ ಅಂತರ ಸುಮಾರು 1,700 ಕಿ.ಮೀ., ಕಣ್ಣೂರು–ದೆಹಲಿ ಸುಮಾರು 1,850 ಕಿ.ಮೀ.; ಹಾಗಾಗಿ ನೇರ ವಿಮಾನ ಸಿಕ್ಕರೆ ಎರಡೂ ಕಡೆಯಿಂದ ಹಾರಾಟದ ಅವಧಿ ಮೂರು ಗಂಟೆಯ ಆಸುಪಾಸು. ವ್ಯತ್ಯಾಸವಿರುವುದು ರಸ್ತೆಯಲ್ಲಿ. ಮಾಕುಟ್ಟ ಘಾಟಿ ಇಳಿದರೆ ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನ ನಿಲ್ದಾಣ ಸುಮಾರು 60 ಕಿ.ಮೀ.; ದೇವನಹಳ್ಳಿಗಾದರೆ ಬೆಂಗಳೂರು ನಗರವನ್ನೇ ದಾಟಬೇಕು, ಅಷ್ಟು ಹೊತ್ತು ಅಮ್ಮ ಕಾಲು ಮಡಚಿ ಕೂರಲಾರರು. ಆದರೆ ಮಳೆಗಾಲದಲ್ಲಿ ಮಾಕುಟ್ಟದಲ್ಲಿ ಮಣ್ಣು ಕುಸಿಯುವ ಭಯವಿದೆ. ಇತ್ತೀಚೆಗೆ ಆ ದಾರಿಯಲ್ಲಿ ಹೋದವರು ರಸ್ತೆಯ ಸ್ಥಿತಿ ಹೇಗಿದೆ, ಎಷ್ಟು ಮುಂಚಿತವಾಗಿ ಹೊರಡಬೇಕು, ಕಣ್ಣೂರಿನಿಂದ ದೆಹಲಿಗೆ ನೇರ ವಿಮಾನ ಯಾವ ದಿನಗಳಲ್ಲಿದೆ, ವ್ಹೀಲ್‌ಚೇರ್ ಬೇಕೆಂದು ಟಿಕೆಟ್ ಕಾಯ್ದಿರಿಸುವಾಗಲೇ ಹೇಳಬೇಕೇ ಎಂಬುದನ್ನು ದಯವಿಟ್ಟು ತಿಳಿಸಿ.